ಬಕೆಟ್ಟಿನ ಬಿಳಿ ಕಲೆ

ಬೆಂಗಳೂರಿನ ಸುದ್ದಗುಂಟೆಪಾಳ್ಯದಲ್ಲಿ ಮನೆ ನೋಡಲು ಹೋದವರು ಬಾಡಿಗೆ ಕೇಳುವ ಮುಂಚೆ ನೀರು ಕೇಳುತ್ತಾರೆ. "ಕಾವೇರಿನಾ, ಬೋರಾ?" "ಎರಡೂ ಇದೆ" ಎನ್ನುವುದು ಮಾಲೀಕರ ಸಿದ್ಧ ಉತ್ತರ. ಎರಡರ ಪಾಲು ಎಷ್ಟೆಷ್ಟು ಎಂದು ತಿಳಿಯಬೇಕಿದ್ದರೆ ಬಚ್ಚಲುಮನೆಗೆ ಹೋಗಿ, ಹಿಂದಿನ ಬಾಡಿಗೆಯವರು ಬಿಟ್ಟುಹೋದ ಬಕೆಟ್ಟಿನ ಒಳಮೈಗೆ ಬೆರಳು ಸವರಿ ನೋಡಬೇಕು. ನುಣುಪಾಗಿದ್ದರೆ ಸಿಹಿನೀರಿನ ಮನೆ. ಬೆರಳಿಗೆ ಗರಗರ ಅಂದರೆ, ಬಿಳೀ ಪೊರೆಯೊಂದು ಉಂಗುರ ಉಂಗುರವಾಗಿ ಕೂತಿದ್ದರೆ, ಉಪ್ಪುನೀರಿನ ಮನೆ.

ನನಗೆ ಸಿಕ್ಕಿದ್ದು ಗರಗರದ ಮನೆ. ಬಂದ ಹೊಸದರಲ್ಲಿ ಎರಡು ಭಾನುವಾರ ಸೋಪಿನ ಪುಡಿ ಹಾಕಿ, ಸ್ಟೀಲ್ ನಾರು ಹಿಡಿದು ಆ ಬಕೆಟ್ಟನ್ನು ಉಜ್ಜಿದೆ. ತೋಳು ನೋವು ಬಂತು, ಕಲೆ ಹೋಗಲಿಲ್ಲ. ಮೇಲಿನ ಮನೆಗೆ ಪಾತ್ರೆ ತಿಕ್ಕಲು ಬರುತ್ತಿದ್ದ ಹೆಂಗಸು ಬಾಗಿಲಲ್ಲೇ ನಿಂತು ನೋಡಿ ನಕ್ಕರು. "ಅದು ಕೊಳೆ ಅಲ್ಲ ಸಾರ್, ನೀರು. ಉಜ್ಜಿದ್ರೆ ಹೋಗಲ್ಲ, ಹುಳಿ ಹಾಕ್ಬೇಕು." ಮನೆ ಸ್ವಚ್ಛವಾಗಿಡುವ ವಿಜ್ಞಾನದಲ್ಲಿ ನಾನು ಕೇಳಿದ ಅತ್ಯುತ್ತಮ ಪಾಠ ಇದೇ. ಕಲೆ ಯಾವುದರದ್ದು ಎಂದು ಮೊದಲು ಗೊತ್ತಾಗಬೇಕು, ಬಾಟಲಿಗೆ ಕೈ ಹಾಕುವುದು ಆಮೇಲೆ.

ಈ ಬಿಳುಪಿಗೂ ಊರಿನ ಹೆಸರಿಗೂ ಒಂದು ತಮಾಷೆಯ ನಂಟಿದೆ. ತೆಲುಗಿನಲ್ಲಿ 'ಸುದ್ದ' ಎಂದರೆ ಬಿಳಿ ಜೇಡಿ, ಸೀಮೆಸುಣ್ಣ. 'ಗುಂಟ' ಎಂದರೆ ಗುಂಡಿ, ಹೊಂಡ. ಹೆಸರನ್ನು ಬಿಡಿಸಿದರೆ ಬಿಳಿಮಣ್ಣಿನ ಗುಂಡಿಯ ಪಾಳ್ಯ. ಮಣ್ಣಿನ ಗೋಡೆಗಳ ಕಾಲದಲ್ಲಿ ಹಬ್ಬಕ್ಕೆ ಮುಂಚೆ ಮನೆ ಬೆಳ್ಳಗಾಗುತ್ತಿದ್ದುದು ಇಂಥ ಬಿಳಿಮಣ್ಣಿನಿಂದಲೋ ಸುಣ್ಣದಿಂದಲೋ. ಇವತ್ತು ಡೇರಿ ಸರ್ಕಲ್‌ನಿಂದ ತಾವರೆಕೆರೆಯವರೆಗೆ ಹುಡುಕಿದರೂ ಒಂದು ಬೊಗಸೆ ಬಿಳಿ ಜೇಡಿ ಸಿಗುವುದಿಲ್ಲ. ಕಾಲೇಜು ಹುಡುಗ ಹುಡುಗಿಯರ ಪಿ.ಜಿ.ಗಳು, ಇಪ್ಪತ್ತು ಮೂವತ್ತರ ಸೈಟಿನಲ್ಲಿ ಎದ್ದ ನಾಲ್ಕಂತಸ್ತು, ಕೈಚಾಚಿದರೆ ಎದುರು ಮನೆಯ ಬಾಲ್ಕನಿ, ಇಷ್ಟೇ. ಆದರೆ ಜೇಡಿಯ ಒಡಹುಟ್ಟು ಬಕೆಟ್ಟಿನಲ್ಲಿ ಕೂತಿದೆ.

ಒಡಹುಟ್ಟು ಅಂದದ್ದು ಅಲಂಕಾರಕ್ಕಲ್ಲ. ಬೆಂಗಳೂರಿನ ಕೆಳಗಿರುವುದು ನೈಸ್ ಮತ್ತು ಗ್ರಾನೈಟ್ ಬಂಡೆ. ಅದರ ಬೆನ್ನು ಕಾಣಬೇಕಿದ್ದರೆ ಲಾಲ್‌ಬಾಗಿನ ಗುಡ್ಡ ಹತ್ತಿದರಾಯಿತು. ಸುಮಾರು 300 ಕೋಟಿ ವರ್ಷದ ಕಲ್ಲು ಅದು. ಈ ಬಂಡೆಯಲ್ಲಿ ಫೆಲ್ಡ್‌ಸ್ಪಾರ್ ಎಂಬ ಖನಿಜವಿದೆ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಹುಳಿಯಾಗಿ ಕೆಳಗಿಳಿಯುತ್ತದೆ. ಆ ಹುಳಿಗೆ ಫೆಲ್ಡ್‌ಸ್ಪಾರ್ ನಿಧಾನವಾಗಿ ಕೊಳೆಯುತ್ತದೆ. ಕೊಳೆತು ಉಳಿಯುವ ಗಟ್ಟಿ ಭಾಗವೇ ಬಿಳಿ ಜೇಡಿ. ಅದರಿಂದ ಬಿಡಿಸಿಕೊಂಡ ಕ್ಯಾಲ್ಸಿಯಂ ನೀರಲ್ಲಿ ಕರಗಿ ಬಂಡೆಯ ಬಿರುಕಿಗೆ ಇಳಿಯುತ್ತದೆ. ನೂರಾರು ಅಡಿ ಕೆಳಗೆ ಹೋದ ಬೋರ್‌ವೆಲ್ ಆ ನೀರನ್ನೇ ಮೇಲೆತ್ತಿ ನಮ್ಮ ಸಂಪಿಗೆ ತುಂಬುತ್ತದೆ. ಹುಳಿಯಿಂದ ಬಿಡುಗಡೆಯಾದದ್ದು ಹುಳಿಗೇ ಕರಗುತ್ತದೆ. ಆ ಹೆಂಗಸಿನ ಮಾತಿನಲ್ಲಿ ಇಡೀ ಭೂರಸಾಯನಶಾಸ್ತ್ರವೇ ಇತ್ತು.

ಕರಗಿದ ಕ್ಯಾಲ್ಸಿಯಂ ಬೈಕಾರ್ಬನೇಟ್ ಕಣ್ಣಿಗೆ ಕಾಣುವುದಿಲ್ಲ. ನೀರು ಕಾದಾಗ, ಇಲ್ಲವೇ ಒಣಗಿದಾಗ, ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಕ್ಯಾಲ್ಸಿಯಂ ಕಾರ್ಬನೇಟ್ ಉಳಿಯುತ್ತದೆ. ನಿಸರ್ಗದ ಸೀಮೆಸುಣ್ಣವೂ ಇದೇ, ಅಮೃತಶಿಲೆಯೂ ಇದೇ. ಗೀಸರಿನ ಕಾಯಿಲ್ ಮೇಲೆ ದಪ್ಪ ಪದರು ಕಟ್ಟಿ ಕರೆಂಟ್ ಬಿಲ್ಲು ಏರಿಸುವುದೂ, ಶವರಿನ ತೂತು ಮುಚ್ಚಿ ನೀರು ಅಡ್ಡಾದಿಡ್ಡಿ ಚಿಮ್ಮುವಂತೆ ಮಾಡುವುದೂ ಇದರ ಕೆಲಸ. ಕುಡಿಯುವ ನೀರಿಗೆ ಭಾರತೀಯ ಮಾನಕದ ಪ್ರಕಾರ ಗಡಸುತನ (ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದಲ್ಲಿ) ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ಒಪ್ಪಿಗೆ. ನಡುವಿನ 300 ಎಂದಿಟ್ಟುಕೊಂಡು ಒಂದು ಲೆಕ್ಕ ಹಾಕೋಣ. ಸ್ನಾನವಾದ ಮೇಲೆ ಟೈಲ್ಸ್, ನಲ್ಲಿ, ಬಕೆಟ್ಟು ಎಲ್ಲ ಸೇರಿ ಒಂದು ಲೋಟ, ಅಂದರೆ 200 ಮಿಲಿಲೀಟರ್ ನೀರು, ದಿನವೂ ಅಲ್ಲೇ ಒಣಗುತ್ತದೆ. ಅದು ಬಿಟ್ಟುಹೋಗುವುದು 60 ಮಿಲಿಗ್ರಾಂ. ವರ್ಷಕ್ಕೆ ಸುಮಾರು 22 ಗ್ರಾಂ. ಕೆಲವು ಸೀಮೆಸುಣ್ಣದ ಕಡ್ಡಿ ತಂದು ಬಚ್ಚಲಿನ ಗೋಡೆಗೆ ತಿಕ್ಕಿದಂತೆಯೇ.

ಇದಕ್ಕೆ ನಾನು ಕಂಡ ಅತಿ ಅಗ್ಗದ ಮದ್ದು ರಬ್ಬರಿನ ವೈಪರ್. ಸ್ನಾನ ಮುಗಿಸಿದವರು ಗೋಡೆಯ ಮೇಲಿನ ನೀರನ್ನು ಹತ್ತು ಸೆಕೆಂಡ್ ಕೆಳಕ್ಕೆಳೆದು ಬರಲಿ, ಬಕೆಟ್ಟನ್ನು ಬೋರಲು ಹಾಕಲಿ. ಒಣಗಲು ನೀರೇ ಇಲ್ಲದಿದ್ದರೆ ಕಲೆ ಎಲ್ಲಿಂದ? ಮನೆಯ ಗಂಡಸರಿಗೆ ಇದನ್ನು ಅಭ್ಯಾಸ ಮಾಡಿಸುವುದು ಮಾತ್ರ ರಸಾಯನಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.

ಈಗಾಗಲೇ ಕೂತ ಕಲೆಗೆ ಹುಳಿ. ನಿಂಬೆರಸದಲ್ಲಿ ಶೇಕಡಾ 5ರ ಆಸುಪಾಸು ಸಿಟ್ರಿಕ್ ಆಮ್ಲವಿದೆ, ವಿನೆಗರ್‌ನಲ್ಲಿ ಶೇಕಡಾ 4–5 ಅಸಿಟಿಕ್ ಆಮ್ಲ, ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ. ಒಂದು ದೊಡ್ಡ ನಿಂಬೆಹಣ್ಣಿನ ರಸ ಹೆಚ್ಚುಕಡಿಮೆ ಒಂದು ಗ್ರಾಂ ಕಲೆಯನ್ನು ಕರಗಿಸಬಲ್ಲದು. ವರ್ಷದ ಕಲೆಗೆ 22 ನಿಂಬೆಹಣ್ಣು! ಬೇಸಿಗೆಯಲ್ಲಿ ನಿಂಬೆಯ ದರ ಕೇಳಿದವರಿಗೆ ವೈಪರಿನ ಬೆಲೆ ತಿಳಿದೀತು. ಇಲ್ಲಿ ತೋಳಿನ ಬಲಕ್ಕಿಂತ ಸಮಯ ಮುಖ್ಯ. ಹುಳಿ ಸುರಿದು ಕೂಡಲೇ ತೊಳೆದರೆ ಏನೂ ಆಗದು. ಹಳೆಯ ಬಟ್ಟೆಯನ್ನು ವಿನೆಗರ್‌ನಲ್ಲಿ ನೆನೆಸಿ ನಲ್ಲಿಗೆ ಸುತ್ತಿ ಅರ್ಧ ಗಂಟೆ ಬಿಡಿ. ಶವರಿಗೆ ಪ್ಲಾಸ್ಟಿಕ್ ಕವರಿನಲ್ಲಿ ವಿನೆಗರ್ ತುಂಬಿ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ. ಸಣ್ಣ ಗುಳ್ಳೆಗಳು ಏಳುತ್ತವೆ. ಹೊರಬರುತ್ತಿರುವುದು ಹಿಂದೆಂದೋ ಮಳೆಯ ಜೊತೆ ಬಂಡೆಗಿಳಿದ ಅದೇ ಇಂಗಾಲದ ಡೈಆಕ್ಸೈಡ್.

ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸಿ ಬುಸ್ಸನೆ ನೊರೆ ಬರಿಸುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ನೋಡಲು ಚೆನ್ನ. ಆದರೆ ಒಂದು ಕ್ಷಾರ, ಒಂದು ಆಮ್ಲ. ಎರಡೂ ಪರಸ್ಪರ ಹೊಡೆದಾಡಿ ಸತ್ತು ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಉಪ್ಪಿನ ನೀರು. ಹುಳಿಯೂ ಹೋಯಿತು, ಸೋಡಾವೂ ಹೋಯಿತು. ಕಲೆಗೆ ಹುಳಿ, ಜಿಡ್ಡಿಗೆ ಸೋಡಾ. ಬೇರೆ ಬೇರೆ ಬಳಸಿದರೆ ಎರಡೂ ದುಡಿಯುತ್ತವೆ.

ಹುಳಿಗೆ ಕಲೆ ಯಾವುದು, ಕಲ್ಲು ಯಾವುದು ಎಂಬ ಭೇದ ಗೊತ್ತಿಲ್ಲ. ನಮ್ಮ ಕಡೆಯ ಎಷ್ಟೋ ಅಡುಗೆಮನೆ ಕಟ್ಟೆಗಳು ಕಡಪ ಕಲ್ಲಿನವು. ಅದು ಕಪ್ಪಗಿರುವ ಸುಣ್ಣದಕಲ್ಲು. ಕೊಯ್ದ ನಿಂಬೆಹೋಳನ್ನು ಅದರ ಮೇಲೆ ಮಗುಚಿಟ್ಟು ಮರೆತರೆ ಬೆಳಿಗ್ಗೆಗೆ ಬೂದುಬಣ್ಣದ ಒಂದು ವೃತ್ತ. ಅದು ಮೇಲೆ ಹತ್ತಿದ ಕಲೆಯಲ್ಲ, ಕಲ್ಲೇ ಕರಗಿದ ಗಾಯ. ಯಾವ ಸೋಪಿಗೂ ಹೋಗದು. ಜಯನಗರದ ಹಳೆಯ ಮನೆಗಳ ಮೊಸಾಯಿಕ್ ನೆಲದಲ್ಲಿ ಅಮೃತಶಿಲೆಯ ಚೂರುಗಳಿವೆ, ಕೆಂಪಗೆ ಹೊಳೆಯುವ ರೆಡ್ ಆಕ್ಸೈಡ್ ನೆಲ ಸಿಮೆಂಟಿನದು. ಎರಡಕ್ಕೂ ಹುಳಿ ಆಗಿಬರದು. ಗ್ರಾನೈಟು ಮಾತ್ರ ತಡೆದುಕೊಳ್ಳುತ್ತದೆ. ಇನ್ನು ಬೀದಿಯಲ್ಲಿ ಫಿನಾಯಿಲ್ ಜೊತೆಗೆ ಮಾರುವ 'ಆಸಿಡ್' ಎಂದರೆ ಹೈಡ್ರೋಕ್ಲೋರಿಕ್ ಆಮ್ಲ. ನಿಂಬೆ ಅರ್ಧ ಗಂಟೆಯಲ್ಲಿ ಮಾಡುವುದನ್ನು ಅದು ಅರೆನಿಮಿಷದಲ್ಲಿ ಮಾಡುತ್ತದೆ. ಜೊತೆಗೆ ನಲ್ಲಿಯ ಹೊಳಪು, ಟೈಲ್ಸ್ ನಡುವಿನ ಸಿಮೆಂಟು, ತಿಕ್ಕುವವರ ಕೈ, ಶ್ವಾಸ ಎಲ್ಲವನ್ನೂ ತಿನ್ನುತ್ತದೆ.

ಆ ಆಸಿಡ್ ಹಾಕಿದ ಮೇಲೆ "ಇನ್ನೂ ಸ್ವಲ್ಪ ಇರಲಿ" ಎಂದು ಬ್ಲೀಚಿಂಗ್ ಪೌಡರ್ ಉದುರಿಸುವವರಿದ್ದಾರೆ. ಈ ಬರಹದಲ್ಲಿ ಬೇರೇನನ್ನು ಮರೆತರೂ ಇದನ್ನು ಮರೆಯಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರದ ರಣರಂಗದಲ್ಲಿ ಸೈನಿಕರ ಮೇಲೆ ಹರಿಯಬಿಟ್ಟ ವಿಷಾನಿಲ ಅದೇ. ನಾಲ್ಕಡಿ ಆರಡಿಯ, ಕಿಟಕಿ ಹೆಸರಿಗಷ್ಟೇ ಇರುವ ಬಚ್ಚಲಲ್ಲಿ ಅದು ತಪ್ಪಿಸಿಕೊಳ್ಳಲು ದಾರಿಯಿಲ್ಲ, ನಮಗೂ ಇಲ್ಲ.

ಜಿಡ್ಡಿನ ಕಥೆಯೇ ಬೇರೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಬ್ರನ್ಸ್‌ವಿಕ್‌ನಲ್ಲಿ ಆಗ್ನೆಸ್ ಪೊಕೆಲ್ಸ್ ಎಂಬ ತರುಣಿ ಇದ್ದಳು. ಹುಟ್ಟಿದ್ದು 1862ರಲ್ಲಿ. ಆಗ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ತಮ್ಮ ಭೌತಶಾಸ್ತ್ರ ಓದಲು ಹೋದ, ಅಕ್ಕ ಕಾಯಿಲೆಯ ಅಪ್ಪ ಅಮ್ಮನನ್ನು ನೋಡಿಕೊಂಡು ಮುಸುರೆ ತೊಳೆಯುತ್ತ ಉಳಿದಳು. ಪಾತ್ರೆ ತೊಳೆದ ನೀರಿನ ಮೇಲೆ ಜಿಡ್ಡು ಹರಡುವ ರೀತಿ ಅವಳ ಗಮನ ಸೆಳೆಯಿತು. ತಗಡಿನ ತೊಟ್ಟಿಯೊಂದನ್ನು ಮಾಡಿಸಿ, ನೀರ ಮೇಲೆ ಪಟ್ಟಿಯೊಂದನ್ನು ಸರಿಸಿ ಎಣ್ಣೆಯ ಪೊರೆಯನ್ನು ಹಿಗ್ಗಿಸಿ ಕುಗ್ಗಿಸಿ, ನೀರಿನ ಮೇಲ್ಮೈ ಎಳೆತ ಹೇಗೆ ಬದಲಾಗುತ್ತದೆಂದು ಅಳೆದಳು. 1891ರಲ್ಲಿ ಇಂಗ್ಲೆಂಡಿನ ಲಾರ್ಡ್ ರೇಲಿಗೆ ಪತ್ರ ಬರೆದಳು. ದೊಡ್ಡ ವಿಜ್ಞಾನಿ, ದೊಡ್ಡ ಮನಸ್ಸು. ಪತ್ರವನ್ನು 'ನೇಚರ್' ಪತ್ರಿಕೆಗೆ ಕಳಿಸಿ ಅಚ್ಚು ಹಾಕಿಸಿದ. ಅವಳ ತೊಟ್ಟಿಯ ಮಾದರಿಯನ್ನೇ ಮುಂದೆ ಬೆಳೆಸಿದ ಇರ್ವಿಂಗ್ ಲ್ಯಾಂಗ್‌ಮ್ಯೂರ್‌ಗೆ 1932ರಲ್ಲಿ ನೊಬೆಲ್ ಬಂತು. ಮುಸುರೆ ತೊಳೆದವಳಿಗೆ ಬರಲಿಲ್ಲ. ಇದನ್ನು ಓದಿ ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಪೊಕೆಲ್ಸ್ ಕಂಡದ್ದನ್ನು ನಮ್ಮ ಸಿಂಕಿಗೆ ಇಳಿಸಿದರೆ ಹೀಗೆ. ಎಣ್ಣೆ ನೀರಿನ ಮೇಲೆ ಒಂದೇ ಅಣುವಿನಷ್ಟು ತೆಳ್ಳಗೆ ಹರಡಬಲ್ಲದು. ಒಗ್ಗರಣೆ ಬಾಣಲೆಯಲ್ಲಿ ಉಳಿದ ಒಂದು ತೊಟ್ಟು ಸಾಕು, ಅದೇ ತೊಟ್ಟಿಯಲ್ಲಿ ಅದ್ದಿದ ಹತ್ತು ಲೋಟಗಳಿಗೂ ಪೊರೆ ಹತ್ತಲು. ಆದ್ದರಿಂದ ಲೋಟ ಮೊದಲು, ತಟ್ಟೆ ಆಮೇಲೆ, ಬಾಣಲೆ ಕೊನೆಗೆ. ಬಾಣಲೆಯ ಎಣ್ಣೆಯನ್ನು ಮೊದಲು ಹಳೆಯ ಪೇಪರಿನಲ್ಲಿ ಒರೆಸಿ ತೆಗೆದರೆ ಸೋಪು ಅರ್ಧಕ್ಕೆ ಇಳಿಯುತ್ತದೆ. ಸೋಪಿನ ಅಣುವಿಗೆ ಒಂದು ತುದಿ ನೀರಿಗೆ ಒಲಿಯುವುದು, ಇನ್ನೊಂದು ಎಣ್ಣೆಗೆ. ಉಪ್ಪುನೀರಲ್ಲಿ ನೀರಿಗೊಲಿಯುವ ತುದಿಯನ್ನು ಕ್ಯಾಲ್ಸಿಯಂ ಹಿಡಿದುಕೊಂಡು ಗಸಿಯಾಗಿಸುತ್ತದೆ. ಮೈಸೋಪು ನೊರೆ ಬಾರದೆ ಟೈಲ್ಸ್ ಮೇಲೆ ಬೂದು ಪದರವಾಗುವುದು ಹಾಗೆ. ಡಿಟರ್ಜೆಂಟಿಗೆ ಈ ತೊಂದರೆ ಕಡಿಮೆ, ಅದಕ್ಕೇ ಬೋರ್‌ವೆಲ್ ಊರುಗಳನ್ನು ಅದು ಗೆದ್ದುಕೊಂಡಿತು.

ಅದಕ್ಕೂ ಮುಂಚೆ ಇಲ್ಲಿಯವರೇನು ಕೊಳಕಾಗಿರಲಿಲ್ಲ. ಪಕ್ಕದ ಬಡಾವಣೆಯ ಹೆಸರೇ ಮಡಿವಾಳ, ಅಂದರೆ ಬಟ್ಟೆ ಮಡಿ ಮಾಡುವವನು. ಅಗಸರ ಭಟ್ಟಿಯಲ್ಲಿ ಬೀಳುತ್ತಿದ್ದ ಚೌಳುಮಣ್ಣಿನಲ್ಲಿ ಸೋಡಿಯಂ ಕಾರ್ಬನೇಟ್ ಇತ್ತು, ಒಲೆಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬನೇಟ್. ಎರಡೂ ಕ್ಷಾರ, ಎರಡೂ ಜಿಡ್ಡನ್ನು ಸ್ವಲ್ಪಮಟ್ಟಿಗೆ ಸೋಪಾಗಿಸುತ್ತವೆ. ಅಂದರೆ ಬೂದಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕುವಾಗ ಪಾತ್ರೆಯ ಎಣ್ಣೆಯೇ ಪಾತ್ರೆ ತೊಳೆಯುವ ಸೋಪು. ರೇಷ್ಮೆ ಸೀರೆಗೆ ಮಾತ್ರ ಕ್ಷಾರ ಸೇರದು, ರೇಷ್ಮೆ ಪ್ರೋಟೀನು. ಅದಕ್ಕೆ ಅಂಟುವಾಳದ ಸೌಮ್ಯ ನೊರೆ. ಹಿತ್ತಾಳೆ ದೀಪಕ್ಕೆ ಹುಣಸೆ, ಮೇಲೆ ಕೂತ ತಾಮ್ರದ ಆಕ್ಸೈಡು ಹುಳಿಗೆ ಕರಗುತ್ತದೆ. ಯಾವ ಕೊಳೆಗೆ ಯಾವುದು ಎಂಬ ವಿಂಗಡಣೆ ಅಜ್ಜಿಯರಿಗೆ ಸೂತ್ರವಿಲ್ಲದೆಯೇ ಗೊತ್ತಿತ್ತು. ನಾವು ಎಲ್ಲಕ್ಕೂ ಒಂದೇ ನೀಲಿ ಬಾಟಲಿ ತಂದಿಟ್ಟುಕೊಂಡಿದ್ದೇವೆ.

ಫಿನಾಯಿಲಿನ ಬಗ್ಗೆಯೂ ಒಂದು ಮಾತು. ನೀರಿಗೆ ಬಿದ್ದೊಡನೆ ಹಾಲಿನ ಹಾಗೆ ಬೆಳ್ಳಗಾಗುವುದನ್ನು ನೋಡಿ 'ಒಳ್ಳೇ ಸ್ಟ್ರಾಂಗ್ ಇದೆ' ಅನ್ನುತ್ತಾರೆ. ಎಣ್ಣೆ ಅತಿಸಣ್ಣ ಹನಿಗಳಾಗಿ ಒಡೆದು ಬೆಳಕನ್ನು ಚದುರಿಸಿದ್ದಷ್ಟೇ ಅದು. ಹಾಲು ಬೆಳ್ಳಗಿರುವುದಕ್ಕೂ ಇದೇ ಕಾರಣ. ಬಿಳುಪು ಶಕ್ತಿಯ ಗುರುತಲ್ಲ, ಮೂಗಿಗೆ ಬಡಿಯುವ ವಾಸನೆಯಂತೂ ಅಲ್ಲವೇ ಅಲ್ಲ. ಜಿಡ್ಡು ಹಾಗೇ ಇರುವ ನೆಲದ ಮೇಲೆ ಫಿನಾಯಿಲ್ ಎಳೆದರೆ ಕ್ರಿಮಿಗಳು ಜಿಡ್ಡಿನ ಕೆಳಗೆ ಕ್ಷೇಮವಾಗಿರುತ್ತವೆ.

ಇನ್ನು ದೂಳು. ಸುದ್ದಗುಂಟೆಪಾಳ್ಯದವರಿಗೆ ದೂಳಿನ ಬಗ್ಗೆ ಹೇಳಿಕೊಡುವುದೇನಿದೆ? ಬನ್ನೇರುಘಟ್ಟ ರಸ್ತೆಯಲ್ಲಿ ಮೆಟ್ರೋದ ಗುಲಾಬಿ ಮಾರ್ಗ ಕಾಳೇನ ಅಗ್ರಹಾರದಿಂದ ಮೇಲೆ ಮೇಲೆ ಬಂದು, ತಾವರೆಕೆರೆ ದಾಟಿ, ಡೇರಿ ಸರ್ಕಲ್ ಬಳಿ ನೆಲದೊಳಕ್ಕೆ ಇಳಿಯುವುದು ಇಲ್ಲಿಯೇ. ವರ್ಷಗಟ್ಟಲೆ ಅಗೆದ ಮಣ್ಣು, ಸಿಮೆಂಟು ನಮ್ಮ ಟಿ.ವಿ. ಮೇಲೆ ಕೂತಿದೆ. ಬೆಳಿಗ್ಗೆ ಗುಡಿಸಿದ್ದು ಮಧ್ಯಾಹ್ನಕ್ಕೆ ವಾಪಸ್ ಬರುವುದೇಕೆ ಎಂಬ ಪ್ರಶ್ನೆಗೆ ಉತ್ತರ 1851ರಲ್ಲಿ ಜಾರ್ಜ್ ಸ್ಟೋಕ್ಸ್ ಬರೆದ ಸೂತ್ರದಲ್ಲಿದೆ. ಕಣದ ಅಳತೆ ಅರ್ಧವಾದರೆ ಬೀಳುವ ವೇಗ ಕಾಲುಭಾಗಕ್ಕೆ ಇಳಿಯುತ್ತದೆ. ನೀರಿನಷ್ಟೇ ಸಾಂದ್ರತೆಯ, 10 ಮೈಕ್ರಾನ್ ಅಗಲದ ಕಣ ಅಲುಗದ ಗಾಳಿಯಲ್ಲಿ ಐದಡಿ ಎತ್ತರದಿಂದ ನೆಲಕ್ಕೆ ಬರಲು ಎಂಟು ನಿಮಿಷ ಬೇಕು. ಒಂದು ಮೈಕ್ರಾನಿನ ಕಣಕ್ಕೆ ಸುಮಾರು ಹನ್ನೆರಡು ಗಂಟೆ. ಒಣ ಪೊರಕೆ ಕಣ್ಣಿಗೆ ಕಾಣುವ ಕಸವನ್ನು ಮೂಲೆಗೆ ತಳ್ಳಿ, ಕಾಣದ್ದನ್ನು ಮೇಲಕ್ಕೆ ಎಬ್ಬಿಸುತ್ತದೆ. ನಾವು ತಿಂಡಿ ತಿಂದು ಆಫೀಸಿಗೆ ಹೋದ ಮೇಲೆ ಅದು ನಿಧಾನಕ್ಕೆ ಇಳಿದು ಸೋಫಾದ ಮೇಲೆ ಒರಗುತ್ತದೆ.

ಅಂಗಳ ಗುಡಿಸುವ ಮುಂಚೆ ನೀರು ಚಿಮುಕಿಸುತ್ತಿದ್ದುದು ಇದಕ್ಕೇ. ಒದ್ದೆಯಾದ ಕಣಗಳು ಒಂದಕ್ಕೊಂದು ಅಂಟಿ ದಪ್ಪಗಾಗುತ್ತವೆ, ಏಳುವುದಿಲ್ಲ. ಮನೆಯೊಳಗೂ ಸಜ್ಜ, ಫ್ಯಾನು, ಕಿಟಕಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಹತ್ತು ನಿಮಿಷ ಕಾಫಿ ಕುಡಿದು, ಆಮೇಲೆ ನೆಲಕ್ಕೆ ಇಳಿಯಬೇಕು. ಹುಲ್ಲಿನ ಪೊರಕೆಯನ್ನು ನೆಲಕ್ಕೆ ಒತ್ತಿ ಎಳೆಯಬೇಕು, ಗಾಳಿಗೆ ಬೀಸಬಾರದು. ಫ್ಯಾನು ಹಾಕಿಕೊಂಡು ಗುಡಿಸುವುದಂತೂ ಬೇಡವೇ ಬೇಡ. ನೆಲ ಒರೆಸುವ ನೀರು ಎರಡು ಕೋಣೆಗೊಮ್ಮೆ ಬದಲಾಗದಿದ್ದರೆ ನಡುಮನೆಯ ಕೊಳೆಯನ್ನು ದೇವರಮನೆಗೆ ಹಂಚಿದಂತೆ.

ಇನ್ನು ಜಿರಳೆ. ಅದಕ್ಕೆ ಬೇಕಾದ್ದು ಅನ್ನದ ಅಗುಳಿಗಿಂತ ಹೆಚ್ಚಾಗಿ ನೀರು. ಉಪವಾಸವಿದ್ದು ವಾರಗಟ್ಟಲೆ ಬದುಕಬಲ್ಲದು, ನೀರಿಲ್ಲದಿದ್ದರೆ ಅಷ್ಟು ದಿನ ಇಲ್ಲ. ರಾತ್ರಿ ಮಲಗುವ ಮುಂಚೆ ಸಿಂಕನ್ನು ಒರೆಸಿ ಒಣಗಿಸಿ, ಒದ್ದೆ ಮಸಿಬಟ್ಟೆಯನ್ನು ಮುದ್ದೆ ಮಾಡಿಡದೆ ಹರವಿ, ಆನ್‌ಲೈನಿನಲ್ಲಿ ಬಂದ ರಟ್ಟಿನ ಡಬ್ಬಗಳನ್ನು ಅದೇ ದಿನ ಹೊರಗೆ ಹಾಕಿದರೆ ಅರ್ಧ ಕೆಲಸ ಆಯಿತು. ರಟ್ಟಿನ ಮಡಿಕೆ ಜಿರಳೆಗೆ ಅಡಗುದಾಣ. "ಬೇಕಾಗುತ್ತೆ ಇರಲಿ" ಎಂದು ಸಜ್ಜದ ಮೇಲೆ ಸೇರಿಸಿಟ್ಟ ಡಬ್ಬ, ಕವರುಗಳನ್ನು ತುಂಬಿಟ್ಟ ಕವರು, ಕೆಟ್ಟ ಮಿಕ್ಸಿ, ಇವೆಲ್ಲ ದೂಳಿಗೆ ಕೂರಲು ನಾವು ಕೊಟ್ಟ ಮಣೆ. ಯುಗಾದಿಗೊಮ್ಮೆ, ಆಯುಧಪೂಜೆಗೊಮ್ಮೆ ಇಳಿಸಿ ನೋಡಿ, ಹಿಂದಿನ ಹಬ್ಬದಿಂದ ಮುಟ್ಟದ್ದನ್ನು ಗುಜರಿಗೆ ಕೊಡಿ.

ನೀರು ದಿನಬಿಟ್ಟು ದಿನ ಬರುವ ಮನೆಗಳಲ್ಲಿ ಡ್ರಮ್ಮು ಇರಲೇಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ನೀರಿನ ಅಂಚಿಗೆ, ಒದ್ದೆಯಾದ ಗೋಡೆಯ ಮೇಲೆ. ನೀರು ಚೆಲ್ಲಿದರೆ ಮೊಟ್ಟೆ ಹೋಗುವುದಿಲ್ಲ, ಒಣಗಿ ತಿಂಗಳುಗಟ್ಟಲೆ ಕಾದು ಮತ್ತೆ ನೀರು ಬಂದಾಗ ಒಡೆಯುತ್ತದೆ. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ. ಹಾಗಾಗಿ ವಾರಕ್ಕೊಮ್ಮೆ ಡ್ರಮ್ಮಿನ ಒಳಗೋಡೆಯನ್ನು ಬ್ರಷ್ಷಿನಿಂದ ತಿಕ್ಕಬೇಕು. ಬರೀ ಬಗ್ಗಿಸಿ ಚೆಲ್ಲಿದರೆ ಸಾಲದು.

2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ನಮ್ಮ ಬೀದಿಗೆ ಟ್ಯಾಂಕರ್ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ನೀರು ಸರಬರಾಜು ಯೋಜನೆಯ ಐದನೇ ಹಂತಕ್ಕೆ ಚಾಲನೆ ಸಿಕ್ಕಿತು. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪುಗಳು ದೂಡಿ ತರುವ ನೀರು. ಅಷ್ಟು ಪಾಡುಪಟ್ಟು ಬಂದ ನೀರು ನಮ್ಮ ಸಿಂಕಿನಲ್ಲಿ ನಿಲ್ಲುವುದು ಕೆಲವು ಸೆಕೆಂಡು. ಆಮೇಲೆ ಮೋರಿ, ರಾಜಕಾಲುವೆ, ಕೋರಮಂಗಲ ಕಣಿವೆ, ಬೆಳ್ಳಂದೂರು ಕೆರೆ. ನಾವು ಸುರಿದ ಡಿಟರ್ಜೆಂಟು ಶುದ್ಧೀಕರಣವಾಗದೆ ಅಲ್ಲಿ ಸೇರಿದರೆ, ಕೋಡಿಯಲ್ಲಿ ಧುಮುಕುವಾಗ ಗಾಳಿ ಬೆರೆತು ನೊರೆಯಾಗುತ್ತದೆ. 2015ರ ಮೇ ತಿಂಗಳಲ್ಲಿ ಯಮಲೂರಿನ ಬಳಿ ಆ ನೊರೆಗೇ ಬೆಂಕಿ ಹತ್ತಿಕೊಂಡಿತ್ತು. ರಸ್ತೆಗೆ ಹಾರದಿರಲೆಂದು ಬಲೆ ಕಟ್ಟಿದರು. ಜೋರು ಮಳೆಯ ಮಾರನೆಯ ದಿನ ಅಲ್ಲಿನ ಸೇತುವೆ ದಾಟುವ ಬೈಕಿನವನ ಹೆಲ್ಮೆಟ್ಟಿನ ಮೇಲೆ ಹತ್ತಿಯಂಥ ಬಿಳಿ ಮುದ್ದೆಯೊಂದು ಬಂದು ಕೂರುತ್ತಿತ್ತು. ನಮ್ಮ ಬಾಣಲೆ ತೊಳೆದ ಸೋಪಿನ ಪಾಲೂ ಅದರಲ್ಲಿತ್ತು.